ಮಂಗಳವಾರದ ಅಮರರು

ಶಿವಬಸಮ್ಮನಿಗೆ ಮಗಳು ಬರೆಯುವ ಚಿತ್ರಗಳನ್ನು ಕಂಡರೆ ಆಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ರಶ್ಮಿ ಕಾಗದ ಹರವಿಕೊಂಡು ಕೂತಳೆಂದರೆ ತಾನು ಮೊರ ಹಿಡಿದು ಹೊರಗಿನ ಕಟ್ಟೆಗೆ ಹೋಗಿ ಅಕ್ಕಿ ಆರಿಸುತ್ತಿದ್ದಳು. ಸಿರಿಗೇರಿಯ ಸಾಲೆಯಲ್ಲಿದ್ದಾಗ ಇದೇ ಹುಡುಗಿ ಗಿಳಿ, ನವಿಲು, ಭತ್ತದ ನಾಟಿ ಹಾಕುವ ಹೆಂಗಸರು ಎಂದು ಬಣ್ಣಬಣ್ಣವಾಗಿ ಬರೆಯುತ್ತಿದ್ದಳು. ಬಳ್ಳಾರಿಗೆ ಬಂದು ಚಿತ್ರಕಲೆ ಕಲಿಯತೊಡಗಿದ ಎರಡನೆಯ ವರ್ಷಕ್ಕೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅಲ್ಲಿಂದ ಬಣ್ಣ ಮುಟ್ಟಲಿಲ್ಲ. ಇದ್ದಿಲು ಮತ್ತು ಕಪ್ಪು ಶಾಯಿ, ಅಷ್ಟೇ.

ತಾಯಿಯ ಕಿಡ್ನಿ ಕೊಡೋಣವೆಂದರೆ ಅವಳಿಗೆ ಸಕ್ಕರೆ ಕಾಯಿಲೆ. ತಂದೆ ಮರಿಬಸಪ್ಪನದು ರಕ್ತದ ಗುಂಪು ಕೂಡಲಿಲ್ಲ. ಎಲ್ಲೋ ಯಾರದೋ ಸಿಗಬಹುದೆಂದು ಹೆಸರು ಬರೆಸಿ ಕಾಯುವುದಾಯಿತು. ಮರಿಬಸಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯ ಕೆಲಸ ಬಿಡುವಂತಿರಲಿಲ್ಲ. ಶಿವಬಸಮ್ಮ ಸಾಲೆಯ ಬಿಸಿಯೂಟದ ಕೆಲಸವನ್ನು ಓರಗಿತ್ತಿ ನೀಲಾವತಿಗೆ ಒಪ್ಪಿಸಿ ಮಗಳ ಜೊತೆ ಬಳ್ಳಾರಿಗೆ ಬಂದಳು. ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರ ಹಿತ್ತಲಲ್ಲಿ ಹಿಂದೊಮ್ಮೆ ಕುದುರೆ ಕಟ್ಟುತ್ತಿದ್ದರೆನ್ನುವ ಒಂದು ಕೋಣೆ ಸಿಕ್ಕಿತು. ಮಂಗಳವಾರ, ಶುಕ್ರವಾರ ಆಸ್ಪತ್ರೆ. ಉಳಿದ ದಿನ, ಮೈಯಲ್ಲಿ ಕಸುವಿದ್ದರೆ, ಕಾಲೇಜು.

ಕಾಲೇಜಿಗೆ ಹೋಗದ ದಿನ ರಶ್ಮಿ ಅಲ್ಲೇ ಹತ್ತಿರ ಬಿಳಿಯರ ಕಾಲದ ಗೋರಿಗಳ ನಡುವೆ ಹೋಗಿ ಕೂಡುತ್ತಿದ್ದಳು. ರೆಕ್ಕೆ ಮುರಿದ ಕಲ್ಲಿನ ದೇವದೂತರು, ಪಾಚಿ ಕಟ್ಟಿದ ಶಿಲುಬೆಗಳು. ಅವನ್ನೆಲ್ಲ ಬರೆದು ತಂದು, ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದ ಕೆಂಚನಗುಡ್ಡದ ಹಾಳು ಕೋಟೆಯ ಗೋಡೆಗಳಿಗೆ ಸೇರಿಸಿದಳು. ಹೊಳೆಯ ದಂಡೆಯ ಆ ಹಾಳು ಅವಳ ಕೈಯಲ್ಲಿ ಚೂಪು ಕಮಾನುಗಳ, ಎತ್ತರದ ಕಿಟಕಿಗಳ ದೊಡ್ಡ ಅರಮನೆಯಾಯಿತು. ಅದರೊಳಗೆ ಕಪ್ಪು ನಿಲುವಂಗಿ ತೊಟ್ಟ, ಬಿಳಿಚಿದ ಮುಖದ ಜನ. ಅವರಿಗೆ ಸಾವಿಲ್ಲ ಎಂದಳು. ಮುತ್ತೈದೆಯರು ಓಡಾಡುವ ಮನೆಯಲ್ಲಿ ಇಂಥವನ್ನು ಗೋಡೆಗೆ ಹಚ್ಚುತ್ತಾರೆಯೇ ಎಂದು ಶಿವಬಸಮ್ಮನಿಗೆ ಸಂಕಟವಾಗುತ್ತಿತ್ತು. ಮಗಳು ಮಲಗಿದ ಮೇಲೆ ಅವುಗಳ ಮೇಲೊಂದು ಸೀರೆ ಇಳಿಬಿಡುತ್ತಿದ್ದಳು. ಬೆಳಗ್ಗೆ ರಶ್ಮಿ ಅದನ್ನು ಮಡಚಿ ಇಡುತ್ತಿದ್ದಳು.

ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ಹಾಸಿಗೆ. ಕಿಟಕಿಯ ಪಕ್ಕದ್ದು ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದ ಅನಂತರಾಯರದು. ಆಚೆಯದು ಲಾರಿ ಓಡಿಸುತ್ತಿದ್ದ ಉಚ್ಚೆಂಗೆಪ್ಪನದು. ಬಾಗಿಲ ಬಳಿಯದು ಕುರುಗೋಡಿನ ಜಡೆಮ್ಮನದು. ಅಲ್ಲಿಯ ಗುಡ್ಡದಲ್ಲಿ ಇಪ್ಪತ್ತು ವರ್ಷ ಜಲ್ಲಿಕಲ್ಲು ಹೊತ್ತವಳು. ನಡುವಿನದು ರಶ್ಮಿಯದು. ಯಂತ್ರಗಳನ್ನು ನೋಡಿಕೊಳ್ಳುವವನು ಹುಲಿಗೇಶ್. ಒಂದೊಂದು ಸಲಕ್ಕೂ ನಾಲ್ಕು ತಾಸು ಇವರ ರಕ್ತ ಒಂದು ಕೊಳವೆಯಲ್ಲಿ ಹೊರಗೆ ಹೋಗಿ, ತೊಳೆದುಕೊಂಡು, ಇನ್ನೊಂದರಲ್ಲಿ ಮೈಗೆ ಮರಳುತ್ತಿತ್ತು. ಎಡಗೈ ಯಂತ್ರಕ್ಕೆ ಕೊಟ್ಟು ರಶ್ಮಿ ಬಲಗೈಯಲ್ಲಿ ಬರೆಯುತ್ತಿದ್ದಳು.

ಒಂದು ಮಂಗಳವಾರ ಅನಂತರಾಯರು ಕತ್ತು ಚಾಚಿ ನೋಡಿ, ಆ ಕಪ್ಪು ಬಟ್ಟೆಯವರು ಏನು ತಿಂದು ಬದುಕುತ್ತಾರಮ್ಮಾ ಎಂದು ಕೇಳಿದರು. ಪರದೇಶದ ಕಥೆಗಳಲ್ಲಾದರೆ ಅವರು ರಕ್ತ ಕುಡಿಯುತ್ತಾರೆ ಎಂದಳು ರಶ್ಮಿ. ರಾಯರು ನಕ್ಕರು. ಹಾಗಾದರೆ ತಮ್ಮನ್ನೂ ಅದರೊಳಗೆ ಸೇರಿಸು ಎಂದರು.

“ಆದ್ರ ನಾನು ಏಕಾದಶಿ ಮಾಡೋ ಮನುಷ್ಯಾ ಇದ್ದೀನಿ. ನನಗ ಹೆಂಗ ರಕ್ತ ಕುಡಸ್ತೀ?”

“ಕುಡಿಯೋದು ಬ್ಯಾಡ್ರಿ ಅಜ್ಜಾರ. ನಿಮ್ಮದ ರಕ್ತ ಹೊರಗ ಹೋಗಿ ನಿಮಗ ತಿರುಗಿ ಬರ್ತೈತಲ್ಲ. ಇನ್ನೊಬ್ಬರ ಕುತ್ತಿಗಿಗೆ ಯಾಕ ಬಾಯಿ ಹಾಕಬೇಕು?”

ರಾಯರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಯಂತ್ರ ಕೂಗಿತು. ಹುಲಿಗೇಶ್ ಓಡಿಬಂದು, ಕೈ ಅಲ್ಲಾಡಿಸಬ್ಯಾಡ್ರಿ ಎಂದು ಗದರಿದ.

ಅವತ್ತಿನಿಂದ ಆ ಕೋಣೆಯ ಎಲ್ಲರೂ ಅರಮನೆಯ ಒಕ್ಕಲಾದರು. ಉಚ್ಚೆಂಗೆಪ್ಪ ತನಗೆ ಕುದುರೆಗಾಡಿ ಬೇಕೆಂದ. ಎಂಟು ಕರಿ ಕುದುರೆಗಳ ಸಾರೋಟು ಬಂತು. ಜಡೆಮ್ಮ ಮೊದಲು ನಾಚಿದಳು, ಆಮೇಲೆ ತನಗೊಂದು ಮೂಗುತಿ ಇರಲಿ ಎಂದಳು. ಹುಲಿಗೇಶನನ್ನು ರಶ್ಮಿ ಬೀಗದ ಕೈ ಗೊಂಚಲು ಹಿಡಿದ ದ್ವಾರಪಾಲಕನನ್ನಾಗಿ ಮಾಡಿದಳು. ಮತ್ತೆ ಅವರೆಲ್ಲರ ಎದುರು ಉದ್ದನೆಯ ಮೇಜು ಹಾಕಿ, ಅದರ ತುಂಬ ಕೊಡ, ಹೂಜಿ, ತಂಬಿಗೆ ಇಟ್ಟಳು. ಎಲ್ಲದರಲ್ಲೂ ನೀರು. ದಿನಕ್ಕೆ ಮೂರು ಲೋಟ ದಾಟಬಾರದೆಂದು ಡಾಕ್ಟರಿಂದ ಹೇಳಿಸಿಕೊಂಡಿದ್ದವರು ಅವರು, ಬಳ್ಳಾರಿಯ ಬೇಸಿಗೆಯಲ್ಲಿ. ಜಡೆಮ್ಮ ಆ ಮೇಜನ್ನು ಬಹಳ ಹೊತ್ತು ನೋಡಿ ತುಟಿ ಸವರಿಕೊಂಡಳು. ಮಗಳ ಹಾಸಿಗೆಯ ಪಕ್ಕ ಕೂತಿದ್ದ ಶಿವಬಸಮ್ಮ ಅದನ್ನು ನೋಡಿ ಆಚೆ ಮುಖ ತಿರುಗಿಸಿದಳು.

ಕಾಲೇಜಿನ ಸಂಪದಾ ಮೇಡಂಗೆ ಈ ಚಿತ್ರಗಳು ಹಿಡಿಸಿದ್ದವು. ಆದರೂ ಒಂದು ಸಲ ಅವರು ಬಂಗಲೆಯ ಹಿತ್ತಲಿನ ಕೋಣೆಗೆ ಬಂದಾಗ ಒಂದು ಮಾತು ಕೇಳಿದರು. ಇಂಥ ಕಥೆಗಳಲ್ಲಿ ಸಾವಿಲ್ಲದವರು ಸುಖವಾಗಿ ಇರುವುದಿಲ್ಲ, ನೂರಾರು ವರ್ಷ ಬದುಕಿ ಬೇಸತ್ತಿರುತ್ತಾರೆ; ನಿನ್ನವರ ಮುಖದಲ್ಲಿ ಆ ಬೇಸರ ಯಾಕಿಲ್ಲ ಎಂದರು. ಬೇಸರ ಬರುತ್ತದೆಂದು ಬರೆದವರಿಗೆಲ್ಲ ಕೈತುಂಬ ದಿನಗಳಿದ್ದಿರಬೇಕು ಮೇಡಂ ಎಂದಳು ರಶ್ಮಿ. ಮೇಡಂ ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು, ಏಪ್ರಿಲ್ ಕೊನೆಗೆ ನಡೆಯುವ ಕಾಲೇಜಿನ ಪ್ರದರ್ಶನದಲ್ಲಿ ಒಂದು ಗೋಡೆ ಪೂರ್ತಿ ನಿನಗೇ ಎಂದು ಹೇಳಿ ಎದ್ದರು.

ಮಾರ್ಚಿನಲ್ಲಿ ಅನಂತರಾಯರು ತೀರಿಹೋದರು. ಶುಕ್ರವಾರ ಇವರು ಹೋದಾಗ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಹುಲಿಗೇಶ್ ಸಣ್ಣ ದನಿಯಲ್ಲಿ ಸುದ್ದಿ ಹೇಳಿದ. ರಶ್ಮಿ ಅಳಲಿಲ್ಲ. ಕಾಗದ ತೆಗೆದು, ರಾಯರನ್ನು ಮೇಜಿನ ತುದಿಯಿಂದ ಒರೆಸಿ, ನಡುವಿನ ಎತ್ತರದ ಕುರ್ಚಿಯಲ್ಲಿ ಮತ್ತೆ ಬರೆದಳು. ಆಮೇಲೆ ಅವಳಿಗೆ ಬೇರೆ ಯಾವುದೂ ಬೇಡವಾಯಿತು. ಊಟಕ್ಕೆ ಕರೆದರೆ ಹ್ಞೂ ಎನ್ನುವಳು, ಏಳುವುದಿಲ್ಲ. ಅಪ್ಪ ಫೋನು ಮಾಡಿದರೆ ಎರಡು ಮಾತು. ಕಿಡ್ನಿ ಕಾಯುವವರ ಯಾದಿಯಲ್ಲಿ ತನ್ನ ಹೆಸರು ಎಷ್ಟನೆಯದೆಂದು ಮೊದಲು ತಿಂಗಳಿಗೊಮ್ಮೆ ವಿಚಾರಿಸುತ್ತಿದ್ದವಳು ಈಗ ಆ ಮಾತೇ ಎತ್ತುತ್ತಿರಲಿಲ್ಲ. ಮಗಳು ಕಣ್ಣೆದುರೇ ಇದ್ದರೂ ಯಾವುದೋ ಬಾಗಿಲು ದಾಟಿ ಒಳಗೆ ಹೋಗಿ ಕೂತಿದ್ದಾಳೆ ಎಂದು ಶಿವಬಸಮ್ಮನಿಗೆ ಅನ್ನಿಸುತ್ತಿತ್ತು. ಯಾರಿಗೆ ಹೇಳುವುದು? ಬರೆಯುವಾಗಲಾದರೂ ನೋವು ಮರೆತಿರುತ್ತಾಳಲ್ಲ ಎಂದು ಸುಮ್ಮನಾದಳು.

ಪ್ರದರ್ಶನ ಶನಿವಾರವಿತ್ತು. ಅದರ ಹಿಂದಿನ ಗುರುವಾರ ಗಿರಣಿಯಲ್ಲಿ ಮರಿಬಸಪ್ಪನ ಕಾಲ ಮೇಲೆ ಅಕ್ಕಿ ಚೀಲ ಉರುಳಿ ಬೆರಳು ಜಜ್ಜಿಹೋಯಿತು. ನೀಲಾವತಿ ಫೋನು ಮಾಡಿದಳು. ಶಿವಬಸಮ್ಮ ಹೋಗಲೋ ಬೇಡವೋ ಎಂದು ಒದ್ದಾಡುತ್ತಿದ್ದರೆ ರಶ್ಮಿಯೇ ಹೊರಡಿಸಿದಳು. ಆಸ್ಪತ್ರೆಗೆ ಒಬ್ಬಳೇ ಹೋಗಿಬರುತ್ತೇನೆ, ಅಲ್ಲಿ ಹುಲಿಗೇಶಣ್ಣ ಇದ್ದಾನೆ, ಜಡೆಮ್ಮಕ್ಕ ಇದ್ದಾಳೆ ಎಂದಳು. ಶುಕ್ರವಾರ ಸಂಜೆ ಸಿರಿಗೇರಿಯಿಂದ ತಾಯಿ ಫೋನು ಮಾಡಿ, ಹೋಗಿ ಬಂದ್ಯೇನವ್ವಾ ಎಂದು ಕೇಳಿದಳು. ಹ್ಞೂ, ಬಂದೆ ಎಂದಳು ಮಗಳು. ದನಿ ದಣಿದಿತ್ತು. ಡಯಾಲಿಸಿಸ್ ಮುಗಿದ ಸಂಜೆ ಅವಳ ದನಿ ಯಾವಾಗಲೂ ದಣಿದೇ ಇರುತ್ತಿತ್ತು.

ಅವಳು ಹೋಗಿರಲಿಲ್ಲ. ಪ್ರದರ್ಶನದ ಗೋಡೆಗೆಂದು ಬರೆಯುತ್ತಿದ್ದ ದೊಡ್ಡ ಚಿತ್ರ ಇನ್ನೂ ಮುಗಿಯದೆ, ಗುರುವಾರ ಮಧ್ಯಾಹ್ನದಿಂದ ಕಾಲೇಜಿನಲ್ಲೇ ಅದರ ಮುಂದೆ ನಿಂತಿದ್ದಳು. ಹುಲಿಗೇಶ್ ಎರಡು ಸಲ ಫೋನು ಮಾಡಿದಾಗ, ನಾಳೆ ಬೆಳಗ್ಗೆ ತಪ್ಪದೆ ಬರುತ್ತೇನಣ್ಣಾ ಎಂದಿದ್ದಳು. ಹುಡುಗಿ ಒಂದು ಸಲವೂ ತಪ್ಪಿಸಿದವಳಲ್ಲ. ಅವನು ನಂಬಿದ.

ಶನಿವಾರ ಹನ್ನೊಂದಕ್ಕೆ ಶಿವಬಸಮ್ಮ ಬಸ್ಸಿಳಿದು ನೇರ ಕಾಲೇಜಿಗೆ ಬಂದಳು. ಗೋಡೆಯ ತುಂಬ ಅರಮನೆ. ಅಷ್ಟು ದೊಡ್ಡದಾಗಿ, ಅಷ್ಟು ದೂರದಿಂದ ಅದನ್ನು ಅವಳು ಎಂದೂ ನೋಡಿರಲಿಲ್ಲ. ಜನ ಅದರ ಮುಂದೆ ಮಾತು ನಿಲ್ಲಿಸಿ ನಿಲ್ಲುತ್ತಿದ್ದರು. ನಡುವೆ ರಾಯರು, ಮೂಗುತಿ ಇಟ್ಟ ಜಡೆಮ್ಮ, ಉಚ್ಚೆಂಗೆಪ್ಪನ ಸಾರೋಟು, ಬಾಗಿಲಲ್ಲಿ ಹುಲಿಗೇಶ್. ಕಪ್ಪು ನಿಲುವಂಗಿಯಲ್ಲಿ ರಶ್ಮಿ ಹೂಜಿ ಹಿಡಿದು ಎಲ್ಲರ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಆಸ್ಪತ್ರೆಯ ಕಾವಲುಗಾರನ ನಾಯಿ ಕೂಡ ಮೇಜಿನ ಕೆಳಗೆ ಮಲಗಿತ್ತು. ಶಿವಬಸಮ್ಮ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೆಲ್ಲಗೆ ನೋಡುತ್ತ ಹೋದಳು. ಎರಡನೆಯ ಸಲವೂ ನೋಡಿದಳು.

ಹೊರಗೆ ಮೆಟ್ಟಿಲ ಮೇಲೆ ರಶ್ಮಿ ಗೋಡೆಗೆ ಒರಗಿ ಕೂತಿದ್ದಳು. ಮುಖ ಊದಿತ್ತು. ನಿದ್ದೆಗೆಟ್ಟದ್ದೆಂದು ತಾಯಿ ತಿಳಿದಳು. ಪಕ್ಕದಲ್ಲಿ ಕೂತು, ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು.

“ನಾಯಿನೂ ಬರದಿಯಲ್ಲವ್ವಾ. ನಾನೆಲ್ಲಿ ಅದೀನಿ?”

ರಶ್ಮಿ ತಾಯಿಯ ಕೈ ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಅಲ್ಲಿ ಹೋದವರು ಯಾರೂ ಹೊರಗ ಬರಂಗಿಲ್ಲವ್ವಾ. ನೀ ಮನಿಗೆ ಹೋಗಬೇಕಲ್ಲ. ಅಪ್ಪಗ ಯಾರದಾರ?”

ಶಿವಬಸಮ್ಮ ಮಗಳ ಕಡೆ ಹೊರಳಿದಳು. ಅಷ್ಟರಲ್ಲಿ ಮಗಳು ಉಸಿರಿಗೆ ಒದ್ದಾಡುತ್ತಿರುವುದು ಕಿವಿಗೆ ಬಿತ್ತು. ಪಾದ ನೋಡಿದಳು, ಚಪ್ಪಲಿಯ ಪಟ್ಟಿ ಮಾಂಸದೊಳಗೆ ಹೂತಿತ್ತು.

“ನಿನ್ನೆ ಹೋಗಿದ್ಯೋ ಇಲ್ಲೋ? ಖರೇ ಹೇಳು.”

ರಶ್ಮಿ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಸಂಪದಾ ಮೇಡಂ ತಮ್ಮ ಕಾರಿನಲ್ಲಿ ಕರೆದೊಯ್ದರು. ಹುಲಿಗೇಶ್ ಯಂತ್ರ ಸಿದ್ಧ ಮಾಡಿಕೊಂಡೇ ನಿಂತಿದ್ದ. ಆದರೆ ನೀರು ಶ್ವಾಸಕೋಶಕ್ಕೇರಿತ್ತು, ಯಂತ್ರಕ್ಕೆ ಹಚ್ಚುವ ಮೊದಲೇ ಎದೆಬಡಿತ ನಿಂತಿತು. ಡಾಕ್ಟರು ಅರ್ಧ ತಾಸು ಒತ್ತಿ ನೋಡಿದರು. ಅವಳಿಗೆ ಇಪ್ಪತ್ತೆರಡು ವರ್ಷ.

ಸಿರಿಗೇರಿಯಲ್ಲಿ, ಹೊಲದ ಅಂಚಿನಲ್ಲಿ, ಮನೆಯ ಹಿರಿಯರ ಸಾಲಿನಲ್ಲೇ ಅವಳನ್ನೂ ಕೂಡಿಸಿ ಮಣ್ಣು ಮುಚ್ಚಿದರು. ಹುಲಿಗೇಶ್ ಬಂದಿದ್ದ. ನಾನು ನಿಮಗೆ ಒಂದು ಫೋನು ಮಾಡಬೇಕಿತ್ತರಿ ಅಮ್ಮಾರ ಎಂದು ಅಷ್ಟೇ ಹೇಳಿ ಅತ್ತ. ಶಿವಬಸಮ್ಮನಿಗೆ ಅವನನ್ನು ಬೈಯಲೂ ಆಗಲಿಲ್ಲ, ಸಮಾಧಾನ ಮಾಡಲೂ ಆಗಲಿಲ್ಲ. ಆ ದಣಿದ ದನಿಯನ್ನು ತಾನೂ ನಂಬಿದ್ದಳಲ್ಲ. ಅವಳ ಸಿಟ್ಟೆಲ್ಲ ಹೋಗಿ ಆ ಚಿತ್ರದ ಮೇಲೆ ಕೂತಿತು. ಮೇಡಂ ಅದನ್ನು ಸುರುಳಿ ಸುತ್ತಿ ಕಳಿಸಿದಾಗ ಬಿಚ್ಚಿ ನೋಡದೆ ಅಟ್ಟಕ್ಕೆ ಎಸೆದಳು. ಹೊಳೆಗೆ ಬಿಟ್ಟುಬರೋಣವೇ ಎಂದು ಮರಿಬಸಪ್ಪ ಕೇಳಿದ್ದಕ್ಕೆ ಹ್ಞೂ ಎಂದಳು, ಆದರೆ ಹೊರಡಲಿಲ್ಲ.

ಜೂನ್ ತಿಂಗಳ ಒಂದು ಬುಧವಾರ ಜಡೆಮ್ಮ ಎರಡು ಬಸ್ಸು ಬದಲಾಯಿಸಿ ಕುರುಗೋಡಿನಿಂದ ಬಂದಳು. ಬರುವ ಹೊತ್ತಿಗೆ ಸುಸ್ತಾಗಿ ಪಡಸಾಲೆಯಲ್ಲಿ ಅಡ್ಡಾದಳು. ಹುಡುಗಿಯ ಬಗ್ಗೆ ಒಂದಿಷ್ಟು ಮಾತಾಡಿದರು, ಅತ್ತರು. ಉಚ್ಚೆಂಗೆಪ್ಪನೂ ಹೋದ ಎಂಬ ಸುದ್ದಿ ಹೇಳಿದಳು. ಕೊನೆಗೆ ತಾನು ಬಂದದ್ದು ಯಾಕೆಂದು ಸಂಕೋಚಪಡುತ್ತ ಬಾಯಿಬಿಟ್ಟಳು. ಆಸ್ಪತ್ರೆಯ ಚೀಟಿಯ ಮೇಲಿನದು ಬಿಟ್ಟರೆ ತನ್ನ ಮುಖದ ಒಂದು ಚಿತ್ರವೂ ಮನೆಯಲ್ಲಿಲ್ಲ. ಚೀಟಿಯಲ್ಲಿ ತಾನು ಹೆಣದ ಹಾಗೆ ಕಾಣುತ್ತೇನೆ. ಹುಡುಗಿ ಬರೆದದ್ದರಲ್ಲಿ ಹಾಗಿಲ್ಲ. ತನ್ನಷ್ಟು ತುಂಡು ಕತ್ತರಿಸಿ ಕೊಟ್ಟರೂ ಸಾಕು.

ಶಿವಬಸಮ್ಮ ಅಟ್ಟದಿಂದ ಸುರುಳಿ ಇಳಿಸಿ ಪಡಸಾಲೆಯಲ್ಲಿ ಬಿಚ್ಚಿದಳು. ಒಳಗಿಂದ ಕತ್ತರಿ ತಂದಳು. ಚಿತ್ರದ ಜಡೆಮ್ಮನಿಗೆ ಒಂದು ಕಡೆ ರಾಯರ ತೋಳು ತಾಗುತ್ತಿತ್ತು, ಇನ್ನೊಂದು ಕಡೆ ರಶ್ಮಿಯ ಹೂಜಿ ಅವಳ ಲೋಟದ ಮೇಲೆ ಬಾಗಿತ್ತು. ಎಲ್ಲಿ ಕತ್ತರಿ ಹಾಕಿದರೂ ಯಾರದಾದರೂ ಕೈ ಹೋಗುತ್ತಿತ್ತು. ಅವಳು ಕತ್ತರಿ ಪಕ್ಕಕ್ಕಿಟ್ಟು ಚಿತ್ರವನ್ನು ಮತ್ತೆ ಸುತ್ತಿದಳು.

“ಪೂರಾ ಒಯ್ಯವ್ವಾ.”

ಜಡೆಮ್ಮ ಗಾಬರಿಯಾದಳು. “ನಿನ್ನ ಮಗಳು ಅದಾಳಲ್ಲಕ್ಕಾ ಇದರಾಗ. ಅಕಿನರ ಇಟಗೋ.”

“ಅಕಿ ಒಬ್ಬಾಕಿ ಇಲ್ಲಿದ್ದು ಏನು ಮಾಡ್ಯಾಳು? ನಿಮ್ಮ ಜೋಡಿ ಇರಲಿ.”

ಬಸ್ ನಿಲ್ದಾಣದವರೆಗೆ ಹೋಗಿ ಜಡೆಮ್ಮನನ್ನು ಹತ್ತಿಸಿ, ಸುರುಳಿ ಮಡಚಿಕೊಳ್ಳದಂತೆ ಕಿಟಕಿಯ ಕಡೆ ನಿಲ್ಲಿಸಿಕೊಟ್ಟಳು. ಮನೆಗೆ ಬಂದಾಗ ಮರಿಬಸಪ್ಪ ಕುಂಟುತ್ತ ಒಲೆ ಹಚ್ಚುತ್ತಿದ್ದ. ಕೊಟ್ಟುಬಿಟ್ಟೆ ಎಂದಳು. ಅವಳು ಅವನ ಕೈಯಿಂದ ಊದುಗೊಳವೆ ಇಸಿದುಕೊಂಡು ಒಲೆಯ ಮುಂದೆ ಕೂತಳು. ಮರುದಿನ ಸಾಲೆಗೆ ಹೋಗಿ, ಇನ್ನು ತಾನೇ ಅಡುಗೆಗೆ ಬರುತ್ತೇನೆಂದು ನೀಲಾವತಿಗೆ ಹೇಳಿದಳು.