ಮಲ್ಲಕ್ಕನ ಕೈಗೊಂದು ಮೌಸು

ಮೊರಬದ ಮಲ್ಲಕ್ಕನ ಮೌಸು ಕೆಟ್ಟದ್ದು ಅವಳ ಗಂಡ ಅದಕ್ಕೆ ಕುಸುಬಿ ಎಣ್ಣೆ ಬಿಟ್ಟದ್ದರಿಂದ. ಶಂಭುಲಿಂಗಪ್ಪ ಕೆಟ್ಟ ಮನುಷ್ಯನಲ್ಲ. ತಿರುಗುವ ವಸ್ತು ಯಾವುದೇ ಇರಲಿ, ಅದು ಕಿರ್ ಎಂದರೆ ಅವನ ಜೀವ ತಡೆಯುತ್ತಿರಲಿಲ್ಲ. ಬಾಗಿಲ ತಿರುಗಣಿ, ಹೊಲಿಗೆ ಯಂತ್ರ, ನೆರೆಮನೆಯ ಕೂಸಿನ ತೊಟ್ಟಿಲು, ಎಲ್ಲಕ್ಕೂ ಅವನೇ ಕೇಳದೆ ಹೋಗಿ ಎಣ್ಣೆ ಬಿಟ್ಟು ಬರುತ್ತಿದ್ದ. ಅವತ್ತು ಬೆಳಿಗ್ಗೆ ಹೆಂಡತಿ ಹಿತ್ತಲಲ್ಲಿದ್ದಾಗ ಮೌಸಿನ ಗಾಲಿಯನ್ನು ಸುಮ್ಮನೆ ಬೆರಳಲ್ಲಿ ತಿರುಗಿಸಿ ನೋಡಿದ. ಅದು ಸಣ್ಣಗೆ ನರಳಿತು. ಎರಡು ಚಮಚ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಮೌಸಿನೊಳಗೆ ಇರುವೆಗಳು ಮನೆ ಮಾಡಿದ್ದವು.

"ಏನ್ ಹಾಕೀರಿ ಇದಕ್ಕ?" ಎಂದು ಮಲ್ಲಕ್ಕ ಕೇಳಿದಳು.

"ಎಣ್ಣಿ. ಕಿರ್ ಅಂತಿತ್ತು."

"ಕಿರ್ ಅನ್ನೂದು ಅದರ ಸ್ವಭಾವ ಇತ್ತರಿ" ಎಂದಳು ಮಲ್ಲಕ್ಕ. ಆಮೇಲೆ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ.

ಮಲ್ಲಕ್ಕನಿಗೆ ಐವತ್ತೇಳು ವರ್ಷ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ. ಹೊಲದ ಆಳುಗಳಿಗೆ ರೊಟ್ಟಿ ಬಡಿದು ಬುತ್ತಿ ಕಟ್ಟುವುದು. ಮಧ್ಯಾಹ್ನ ಎರಡರಿಂದ ನಾಲ್ಕೂವರೆವರೆಗೆ ಕಂಪ್ಯೂಟರಿನಲ್ಲಿ ಗುಂಡು ಹಾರಿಸುವುದು. ಆ ಕಂಪ್ಯೂಟರನ್ನು ಶಂಭುಲಿಂಗಪ್ಪ ಹೆಸರುಕಾಳಿನ ಧಾರಣಿ ನೋಡಲೆಂದು ನವಲಗುಂದದ ಮುಚ್ಚಿಹೋದ ಒಂದು ಟ್ಯೂಷನ್ ಕ್ಲಾಸಿನಿಂದ ತಂದಿದ್ದ. ಕ್ಲಾಸಿನ ಮಾಸ್ತರ ಅದರಲ್ಲಿ ಪಾಠಕ್ಕಿಂತ ಆಟವೇ ಹೆಚ್ಚು ಆಡಿದ್ದನೆಂದು ತೋರುತ್ತದೆ. ಐದು ಜನರ ಎದುರು ಐದು ಜನ ಬಂದೂಕು ಹಿಡಿದು ಅಡ್ಡಾಡುವ ಆಟವೂ, ಆಟಕ್ಕೆಂದೇ ಮಾಡಿದ ಒಂದು ದಪ್ಪ ಮೌಸೂ ಅದರೊಂದಿಗೆ ಮನೆಗೆ ಬಂದವು. ಶಂಭುಲಿಂಗಪ್ಪ ಯಂತ್ರಕ್ಕೆ ಹೆದರಿ ಧಾರಣಿಯನ್ನು ಮೊದಲಿನಂತೆ ಚಹಾದಂಗಡಿಯಲ್ಲೇ ಕೇಳಿದ. ಮಲ್ಲಕ್ಕ ಹೆದರಲಿಲ್ಲ.

ಈಗ ಅವಳಿಗೊಂದು ತಂಡವಿತ್ತು. ದುಮ್ಮವಾಡದಲ್ಲಿ ಹೊಲಿಗೆ ಕಲಿಸುವ ರೋಹಿಣಿ, ಕುಂದಗೋಳದ ಇಬ್ಬರು ಮೆಣಸಿನಕಾಯಿ ವ್ಯಾಪಾರಿಗಳು, ಮತ್ತು ತನ್ನ ಊರು ಯಾವುದೆಂದು ಎಂದೂ ಹೇಳದ ಇನ್ನೊಬ್ಬ. ಮೂಲೆಯಲ್ಲಿ ನಿಂತು ಕಾಯುವುದು ಮಲ್ಲಕ್ಕನ ಕೆಲಸ. ಹುಡುಗರು ಅರ್ಧ ನಿಮಿಷದಲ್ಲಿ ತಾಳ್ಮೆಗೆಟ್ಟು ಹೊರಗೆ ಜಿಗಿಯುತ್ತಾರೆ, ಮಲ್ಲಕ್ಕ ಜಿಗಿಯುತ್ತಿರಲಿಲ್ಲ. ಹೀಗೆ ಕಾದು ಕಾದು ತಂಡ ಒಂದು ದೊಡ್ಡ ಪಂದ್ಯಾವಳಿಯ ಎಂಟರ ಘಟ್ಟ ಮುಟ್ಟಿತ್ತು. ಪಂದ್ಯಕ್ಕೆ ಹದಿನೆಂಟೇ ದಿನವಿದ್ದಾಗ ಎಣ್ಣೆ ಬಿದ್ದದ್ದು.

ಅದೇ ಮೌಸು ಇನ್ನೊಂದು ಸಿಗಲಿಲ್ಲ, ಮಾಡುವುದನ್ನೇ ನಿಲ್ಲಿಸಿದ್ದರಂತೆ. ತಪ್ಪು ತಿದ್ದಿಕೊಳ್ಳಲು ಶಂಭುಲಿಂಗಪ್ಪ ಆನ್‌ಲೈನಿನಲ್ಲಿ ಒಂದನ್ನು ತರಿಸಿದ. ಅದು ಏಳು ಬಣ್ಣದಲ್ಲಿ ಮಿನುಗುತ್ತಿತ್ತು, ಹಪ್ಪಳದಷ್ಟು ಹಗುರ. ಮಲ್ಲಕ್ಕ ಒಂದು ಸಲ ಕೈ ಅಲುಗಿಸಿದರೆ ಆಟದೊಳಗಿನ ಅವಳ ಸಿಪಾಯಿ ಮೂರು ಸುತ್ತು ತಿರುಗಿ ಆಕಾಶ ನೋಡುತ್ತ ನಿಲ್ಲುತ್ತಿದ್ದ. ಹೆಡ್‌ಫೋನಿನಲ್ಲಿ ರೋಹಿಣಿ, "ಮಲ್ಲಕ್ಕಾ, ಮ್ಯಾಲೇನ್ ನೋಡಾಕತ್ತೀರಿ?" ಎಂದು ಕೇಳಿದಳು. ಆಮೇಲೆ ಅವಳೇ ತಿಳಿಸಿ ಹೇಳಿದಳು: ಮೌಸನ್ನು ಬಣ್ಣ ನೋಡಿ ಕೊಳ್ಳಬಾರದು, ಹಿಡಿತ ನೋಡಿ ಕೊಳ್ಳಬೇಕು. ಲೋಕದಲ್ಲಿ ಹಿಡಿತ ಮೂರೇ ಬಗೆ. ಅಂಗೈ ಪೂರ್ತಿ ಊರುವವರು, ಬೆರಳು ಮಡಿಚಿ ಉಗುರಿನಿಂದ ಹಿಡಿಯುವವರು, ಬೆರಳ ತುದಿಯಷ್ಟೇ ತಾಗಿಸುವವರು. ತಾನು ಯಾವ ಬಗೆಯೆಂದು ತಿಳಿದರೆ ಮುಂದಿನ ದಾರಿ ಸುಲಭ.

ಈ ಮಾತು ಕೇಳಿಸಿಕೊಂಡ ಶಂಭುಲಿಂಗಪ್ಪ ಅದನ್ನು ಪ್ರಾಯಶ್ಚಿತ್ತವೆಂದೇ ಕೈಗೆತ್ತಿಕೊಂಡ. ಹೆಂಡತಿಯ ಹಿಡಿತವನ್ನು ನೋಡಹೋದರೆ, ಯಾರಾದರೂ ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಅವಳ ಕೈ ಬೇರೆ ಥರ ಆಗುತ್ತಿತ್ತು. ಅದಕ್ಕೆ ಅವನು ಮೊದಲು ಊರಿನವರ ಕೈ ನೋಡಿ ಅನುಭವ ಪಡೆಯೋಣವೆಂದು ವಹಿ ಹಿಡಿದು ಹೊರಟ. ಯಾರು ಚಹಾದ ಲೋಟ ಹೇಗೆ ಹಿಡಿಯುತ್ತಾರೆ, ಯಾರು ಕುರ್ಪಿ ಹೇಗೆ ಹಿಡಿಯುತ್ತಾರೆ ಎಂದು ಮೂರು ದಿನದಲ್ಲಿ ಅರ್ಧ ಊರನ್ನು ಬರೆದು ಮುಗಿಸಿದ. ಟ್ರ್ಯಾಕ್ಟರಿನ ಈರಬಸಪ್ಪ ಬೆರಳ ತುದಿಯ ಗುಂಪಿಗೆ ಬಿದ್ದ. ತಾನು ಮೈಮುರಿದು ದುಡಿಯುವವನಲ್ಲ ಎಂದು ಇದರ ಅರ್ಥವೆಂದು ತಿಳಿದ ಅವನು ಟ್ರ್ಯಾಕ್ಟರನ್ನು ಇವರ ಬಾಗಿಲಿಗೇ ತಂದು, ಗೇರನ್ನು ಅಂಗೈಯಿಂದ ಇಪ್ಪತ್ತು ಸಲ ಹಾಕಿ ತೋರಿಸಿದ. ಚಹಾದಂಗಡಿಯಲ್ಲಿ ಅಂಗೈಯವರು ಬೇರೆ ಬಾಕಿನ ಮೇಲೆ ಕೂಡತೊಡಗಿದರು. ಕ್ಷೌರದ ಈರೇಶ ಉಗುರಿನವನೆಂದು ಗೊತ್ತಾದ ಮೇಲೆ ನಾಲ್ಕು ಜನ ಗಡ್ಡ ಬಿಟ್ಟರು.

ಗಂಡ ವಹಿ ಹಿಡಿದ ಐದನೆಯ ದಿನ ಮಲ್ಲಕ್ಕ ತಾನೇ ಮೌಸು ಹುಡುಕಿಕೊಂಡು ಅಣ್ಣಿಗೇರಿಗೆ ಹೊರಟಳು. ಹೋಗುವ ಮೊದಲು ಜೋಳದ ಹಿಟ್ಟು ಗಟ್ಟಿಯಾಗಿ ನಾದಿ, ಕಣ್ಣು ಮುಚ್ಚಿ, ಹಳೆಯ ಮೌಸನ್ನು ನೆನೆದು ಹಿಟ್ಟಿನ ಮೇಲೆ ಕೈ ಊರಿದಳು. ಮೂಡಿದ ಅಚ್ಚನ್ನು ತಾಟಿನಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಬಾಜು ಕೂತ ಹೆಂಗಸು ಯಾರ ಮನೆಗೆ ಹಿಟ್ಟು ಒಯ್ಯುತ್ತೀ ಎಂದು ವಿಚಾರಿಸಿದಾಗ ಮಲ್ಲಕ್ಕ ಇದ್ದದ್ದನ್ನು ಇದ್ದಂತೆ ಹೇಳಿದಳು. ಆ ಹೆಂಗಸು, ಬಸ್ಸು ಭಾಳ ಕುಲುಕುತ್ತದೆ, ಸ್ವಲ್ಪ ಹೊತ್ತು ನಾನು ಹಿಡಿಯುತ್ತೇನೆ ಎಂದು ತಾಟನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಅಣ್ಣಿಗೇರಿಯ ಸ್ಟೇಷನ್ ರಸ್ತೆಯಲ್ಲಿ ಅಸ್ಲಂನ ಕಂಪ್ಯೂಟರ್ ಅಂಗಡಿ. ಅಸ್ಲಂ ಮರ್ಯಾದಸ್ಥ. ನಗಲಿಲ್ಲ. ಅಷ್ಟರಲ್ಲಿ ಒಣಗಿ ಬಿರಿದಿದ್ದ ಹಿಟ್ಟಿಗೆ ಪಟ್ಟಿ ಹಿಡಿದು ಉದ್ದ ಅಗಲ ಅಳೆದ. ಆರು ಮೌಸುಗಳನ್ನು ಒಂದೊಂದಾಗಿ ಕೊಟ್ಟು ಅಂಗಡಿಯ ಕಂಪ್ಯೂಟರಿನಲ್ಲೇ ಆಡಿ ನೋಡಿರೆಂದ. ಒಂದು ಮೌಸಿನ ಬೆನ್ನು ಎತ್ತರ, ಒಂದರ ಪಕ್ಕದಲ್ಲಿ ಹನ್ನೆರಡು ಗುಂಡಿ, ಒಂದಕ್ಕೆ ಮೈತುಂಬ ತೂತು. ಆರರಲ್ಲೂ ಮಲ್ಲಕ್ಕನ ಸಿಪಾಯಿ ಸತ್ತ.

ಅಂಗಡಿಯ ಮೂಲೆಯಲ್ಲಿ ಅಸ್ಲಂನ ತಾಯಿ ಮೈಮುನಬಿ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಮೊಣಕಾಲು ಹಿಡಿದುಕೊಳ್ಳುವವರೆಗೆ ಮೂವತ್ತೈದು ವರ್ಷ ಊರೂರು ತಿರುಗಿ ಬಳೆ ಇಟ್ಟವಳು ಆಕೆ.

"ಅಸ್ಲಂ, ಆ ಹಿಟ್ಟು ತಗದಿಡು. ಹಿಟ್ಟಿನಾಗ ಎಲುಬು ಇರಂಗಿಲ್ಲ" ಎಂದಳು. "ಕೈ ಕೊಡವಾ ಇಲ್ಲಿ."

ಮಲ್ಲಕ್ಕ ಬಲಗೈ ಚಾಚಿದಳು. ಮೈಮುನಬಿ ಬೇರೆಲ್ಲೋ ನೋಡುತ್ತ ಆ ಕೈಯನ್ನು ಹೆಬ್ಬೆರಳ ಬುಡದಿಂದ ಕಿರುಬೆರಳ ಗೆಣ್ಣಿನವರೆಗೆ ಹಿಸುಕಿದಳು, ಮಡಿಚಿದಳು, ಬಿಟ್ಟಳು. ಆಮೇಲೆ ಎಡಗೈ ಕೇಳಿದಳು. ಎಡಗೈ ಅವಳ ಕೈಯೊಳಗೆ ಹೋದದ್ದೇ ತಡ, ಮುದುಕಿ ಹಿಸುಕುವುದನ್ನು ನಿಲ್ಲಿಸಿದಳು.

"ಬಲಗೈ ಹೇಳಿದ್ದಷ್ಟ ಮಾಡತೈತಿ. ಇದು ತಾನ ವಿಚಾರ ಮಾಡೂ ಕೈ. ಸಣ್ಣಾಕಿ ಇದ್ದಾಗ ಎಡಗೈ ಮುಂದ ಮಾಡಬ್ಯಾಡ ಅಂತ ಯಾರು ಬಡದಿದ್ರವಾ?"

"ನಮ್ಮಜ್ಜಿ ರೇವವ್ವ" ಎಂದಳು ಮಲ್ಲಕ್ಕ. ಐವತ್ತು ವರ್ಷ ಅದನ್ನು ಅವಳು ನೆನೆದೇ ಇರಲಿಲ್ಲ. "ಸೌಟಿಲೆ."

ಮೈಮುನಬಿ ಎದ್ದು ಕಪಾಟಿನ ಒಳಗೆ ಮೊಣಕೈವರೆಗೆ ಕೈ ತೂರಿಸಿ, ನೋಡದೆಯೇ ತಡಕಿ, ಎಲ್ಲಕ್ಕಿಂತ ಹಿಂದಿನಿಂದ ಒಂದು ಮೌಸು ತೆಗೆದಳು. ಚಿಕ್ಕದು, ಕಪ್ಪು, ದೀಪವಿಲ್ಲ, ಎರಡೂ ಬದಿ ಸಮ. ಮೂರು ವರ್ಷದಿಂದ ಅದನ್ನು ಯಾರೂ ಕೇಳಿರಲಿಲ್ಲವೆಂದು ಅಸ್ಲಂ ನಾಚಿಕೊಂಡು ಹೇಳಿದ. ಮಲ್ಲಕ್ಕ ಎಡಗೈ ಇಟ್ಟಳು. ಕೈ ಅದರ ಮೇಲೆ ಕೂತದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಐದು ದಿನ ಈ ಕೈಯಿಂದ ಖಾರ ಕುಟ್ಟಬಾರದು, ಯಾರಿಗೂ ಬೆರಳು ತೋರಿಸಿ ಬಯ್ಯಬಾರದು ಎಂದು ಮುದುಕಿ ಪಥ್ಯ ಹೇಳಿದಳು.

ಮೊದಲ ದಿನ ಮಲ್ಲಕ್ಕ ಎಡಗೈಯಲ್ಲಿ ಆಡಿ ತನ್ನ ತಂಡದ ರೋಹಿಣಿಗೇ ಎರಡು ಸಲ ಗುಂಡು ಹಾರಿಸಿದಳು. ಎರಡನೆಯ ದಿನ ಒಂದು ಸಲ. ಆರನೆಯ ದಿನದ ಹೊತ್ತಿಗೆ ಎಡಗೈ ತಾನೇ ವಿಚಾರ ಮಾಡತೊಡಗಿತ್ತು. ಭಾನುವಾರ ಮಧ್ಯಾಹ್ನ ಪಂದ್ಯ ನಡೆಯಿತು. ಎದುರಿನ ತಂಡ ಸೊಲ್ಲಾಪುರದ್ದು, ಅದರ ನಾಯಕ ಕಾಶಿನಾಥ ಎಂಬ ತರುಣ ಹೆಸರಾಂತ ಆಟಗಾರ. ಮಲ್ಲಕ್ಕ ಅವನೊಬ್ಬನನ್ನೇ ಹನ್ನೊಂದು ಸಲ ಹೊಡೆದಳು. ಮನುಷ್ಯರ ಕೈ ಹೀಗೆ ಚಲಿಸಲು ಸಾಧ್ಯವೇ ಇಲ್ಲ, ಇದು ಕಳ್ಳ ಸಾಫ್ಟ್‌ವೇರು ಎಂದು ಅವನು ದೂರು ಕೊಟ್ಟ. ಎರಡು ದಿನದೊಳಗೆ ಕೈ ಕಾಣುವಂತೆ ವಿಡಿಯೋ ತೆಗೆದು ಕಳಿಸಬೇಕೆಂದು ಪಂದ್ಯ ನಡೆಸುವವರು ತಿಳಿಸಿದರು.

ಶಂಭುಲಿಂಗಪ್ಪ ಫೋನನ್ನು ಜಂತಿಗೆ ತಲೆಕೆಳಗಾಗಿ ಕಟ್ಟಿದ. ಸುದ್ದಿ ಹಬ್ಬಿ ಊರಿನ ಮೂರೂ ಗುಂಪಿನವರು ಬಂದು ಪಡಸಾಲೆ ತುಂಬಿದರು. ಮಲ್ಲಕ್ಕ ತಮ್ಮವಳೆಂದು ಪ್ರತಿ ಗುಂಪಿಗೂ ಖಾತ್ರಿಯಿತ್ತು. ಮಲ್ಲಕ್ಕ ಮೈತುಂಬ ಸೆರಗು ಹೊದ್ದು, ಎಡಗೈಯ ಹಸಿರು ಬಳೆಗಳನ್ನು ಮೇಲೆ ಸರಿಸಿ, ಆಡತೊಡಗಿದಳು. ಕಾಯುವಾಗ ಅಂಗೈ ಪೂರ್ತಿ ಊರಿದ್ದಳು. ಗುರಿ ಕಣ್ಣಿಗೆ ಬಿದ್ದಾಗ ಬೆರಳು ಮಡಿಚಿ ಉಗುರಾದವು. ಹಾರಿಸುವ ಗಳಿಗೆಯಲ್ಲಿ ತುದಿಯಷ್ಟೇ ಉಳಿಯಿತು. ಮೂರು ಗುಂಪಿನವರೂ ಕುತ್ತಿಗೆ ಚಾಚಿ ನೋಡಿದರು. ಈರಬಸಪ್ಪ, ಅಗದಿ ಖರೇ ಕೈ ಅಂದರೆ ಇದು, ಎಂದು ಹೇಳಿ ಎದ್ದು ಹೋದ. ಮರುದಿನ ಆ ನಾಲ್ಕು ಜನ ಈರೇಶನ ಅಂಗಡಿಗೆ ಹೋಗಿ ಗಡ್ಡ ತೆಗೆಸಿಕೊಂಡರು.

ಪಂದ್ಯ ನಡೆಸುವವರು ವಿಡಿಯೋ ಒಪ್ಪಿ ಗೆಲುವನ್ನು ಎತ್ತಿಹಿಡಿದು, ಮೌಸು ಯಾವುದೆಂದು ಮಾತ್ರ ಕೇಳಿದರು. ರೋಹಿಣಿ ಅಂಗಡಿಯ ಹೆಸರನ್ನೂ ಸೇರಿಸಿ ಹೇಳಿದಳು. ಅವರ ಮೂಲಕ ಅದು ಹರಡಿ, ವಾರದೊಳಗೆ ಅಸ್ಲಂನ ಫೋನಿಗೆ ಎಲ್ಲೆಲ್ಲಿಂದಲೋ ಕರೆ. ಮೈಮುನಬಿ ಮಾತ್ರ ಕೈ ಹಿಡಿದು ನೋಡದೆ ಮೌಸು ಕೊಡುವುದಿಲ್ಲವೆಂದಳು. ಜನ ತಮ್ಮ ಕೈಗಳ ಫೋಟೋ ಕಳಿಸಿದರು. ಎಲ್ಲವನ್ನೂ ಅವಳು ತಿರಸ್ಕರಿಸಿದಳು. ಒಬ್ಬ ಎಕ್ಸ್‌ರೇ ಕಳಿಸಿದ. ಟಪಾಲಿನಲ್ಲಿ ಬಂದ ಅದನ್ನು ಒಂದಷ್ಟು ಹೊತ್ತು ಬೆಳಕಿಗೆ ಹಿಡಿದು ನೋಡಿ, ಚರ್ಮ ಇಲ್ಲದೆ ಹೇಗೆ ಹೇಳುವುದು ಎಂದಳು.

ಕಡೆಗೆ ಸೊಲ್ಲಾಪುರದ ಕಾಶಿನಾಥನೇ ರೈಲು ಹತ್ತಿ ಅಣ್ಣಿಗೇರಿಗೆ ಬಂದಿಳಿದ. ಮೌಸು ಕೈಗೆ ಒಗ್ಗಿದೆಯೋ ಇಲ್ಲವೋ ನೋಡಬೇಕೆಂದು ಮುದುಕಿ ಕರೆಸಿದ್ದರಿಂದ ಮಲ್ಲಕ್ಕನೂ ಅವತ್ತು ಅಂಗಡಿಯಲ್ಲಿದ್ದಳು. ಮೈಮುನಬಿ ಹುಡುಗನ ಕೈಯನ್ನು ಕಾಲು ಗಂಟೆ ಹಿಸುಕಿದಳು.

"ಈ ಕೈ ಸಿಟ್ಟಿನಾಗ ಐತಿ. ಇದಕ್ಕ ಯಾವ ಮೌಸ್ ಕೊಟ್ಟರೂ ಜಗಳಾನ. ಒಂದ್ ನಾಕ್ ದಿನ ರೊಟ್ಟಿ ಬಡದು ಬಾ."

ಅವನು ರೊಟ್ಟಿ ಎಲ್ಲಿ ಬಡಿಯಲಿ ಎಂದು ಪ್ರಾಮಾಣಿಕವಾಗಿಯೇ ಕೇಳಿದ. ಅಷ್ಟು ದೂರದಿಂದ ಬಂದವನ ಮುಖ ನೋಡಿ ಮಲ್ಲಕ್ಕನಿಗೆ ಅಯ್ಯೋ ಅನ್ನಿಸಿತು. ಅವನನ್ನು ಬಸ್ಸಿನಲ್ಲಿ ಮೊರಬಕ್ಕೆ ಕರೆತಂದಳು. ಪಡಸಾಲೆಯ ಕಂಪ್ಯೂಟರು, ಅದರ ಎಡಬದಿಯ ಕಪ್ಪು ಮೌಸು ಕಂಡು ಅವನು ಬಾಗಿಲಲ್ಲೇ ನಿಂತುಬಿಟ್ಟ.

"ಅದು ನೀವರೀ?"

"ಹೂಂ. ಹಿಟ್ಟು ನಾದು" ಎಂದಳು ಮಲ್ಲಕ್ಕ.

ಮೊದಲ ದಿನದ ರೊಟ್ಟಿಗಳು ಹರಿದವು, ಎರಡನೆಯ ದಿನದವು ನಕಾಶೆಯಂತಿದ್ದವು. ಹೊಲದ ಆಳುಗಳು ಅವನ್ನೂ ಉಂಡರು. ನಾಲ್ಕನೆಯ ದಿನ ಒಂದು ರೊಟ್ಟಿ ಹಂಚಿನ ಮೇಲೆ ಪೂರ್ತಿ ಉಬ್ಬಿತು. ಕಾಶಿನಾಥ ಅದನ್ನು ನೋಡುತ್ತ, ದೂರು ಕೊಟ್ಟದ್ದು ತನ್ನ ತಪ್ಪಾಯಿತೆಂದು ಮೆಲ್ಲಗೆ ಹೇಳಿದ. ಮಲ್ಲಕ್ಕ, ಅದನ್ನು ಮೊದಲು ತಿರುವಿ ಹಾಕು, ಸೀಯುತ್ತದೆ ಎಂದಳು.

ಅವನು ಹೊರಡುವ ದಿನ ಮಲ್ಲಕ್ಕ ಅಣ್ಣಿಗೇರಿವರೆಗೆ ಹೋದಳು. ಮೈಮುನಬಿ ಕೈ ಹಿಡಿದು ನೋಡಿ, ಸಿಟ್ಟು ಇಳಿದಿದೆ, ಆದರೆ ಪೂರ್ತಿ ಇಳಿದಿಲ್ಲ, ಎಂದು ಕಪಾಟಿಗೆ ಕೈ ತೂರಿಸಿದಳು. ಹೊರಬಂದದ್ದು ಮಕ್ಕಳಿಗೆಂದು ಮಾಡಿದ ಗುಲಾಬಿ ಬಣ್ಣದ ಮೌಸು. ಅದಕ್ಕೆ ಮೊಲದ ಎರಡು ಕಿವಿಗಳಿದ್ದವು. ಅಸ್ಲಂ ಬೇರೆ ಕಡೆ ಮುಖ ತಿರುಗಿಸಿದ. ಕಾಶಿನಾಥ ಅದರ ಮೇಲೆ ಕೈಯಿಟ್ಟ, ಕೈ ಜಗಳವಾಡದೆ ಕೂತಿತು. ಆಮೇಲೆ ತೆಗೆದು ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಮುದುಕಿಯ ಕಾಲು ಮುಟ್ಟಿ, ಕಿಸೆಯಿಂದ ಕಿವಿಗಳು ಹೊರಗೆ ಕಾಣುತ್ತಿದ್ದರೂ ಲೆಕ್ಕಿಸದೆ, ಸ್ಟೇಷನ್ನಿನ ಕಡೆ ನಡೆದ.