ಹೊಲಿಗೆ ಹಾಕಿದ ಮುಖ

ಭಾದ್ರಪದ ಮುಗಿಯುತ್ತ ಬಂದಿತ್ತು. ಪಿತೃಪಕ್ಷದ ದಿನಗಳು, ಹೊತ್ತು ನೆತ್ತಿ ಬಿಟ್ಟು ಆಗಷ್ಟೇ ಪಡುವಲಿಗೆ ವಾಲಿತ್ತು. ಹಿರಿಯರ ಹಬ್ಬಕ್ಕೆಂದು ಗೋಪಾಲಪ್ಪ ಬೀದಿ ಗೋಡೆಗೆ ಸುಣ್ಣ ಬಳಿಯುತ್ತಿದ್ದ. "ಒಸಿ ನೀರ್ ಕೊಡ್ತೀರಾ?" ಎಂಬ ದನಿಗೆ ತಿರುಗಿದವನ ಕೈಯಿಂದ ಕುಂಚ ಜಾರಿ ಬಕೆಟ್ಟಿನೊಳಗೆ ಬಿತ್ತು.

ಬಾಗಿಲ ಕಂಬದಷ್ಟು ಎತ್ತರದ ಒಬ್ಬ ನಿಂತಿದ್ದ. ಮೈಬಣ್ಣ ಬೂದಿ. ಹಣೆಯಿಂದ ಕಿವಿಗೆ, ಕಿವಿಯಿಂದ ಗಲ್ಲಕ್ಕೆ ಕಪ್ಪು ದಾರದ ಹೊಲಿಗೆ. ಅಂಥ ಹೊಲಿಗೆಯನ್ನು ಗೋಪಾಲಪ್ಪ ಹಿಂದೊಮ್ಮೆ ಕಂಡಿದ್ದ. ಆಸ್ಪತ್ರೆಯ ಹಿಂದಿನ ಹೆಣದ ಕೋಣೆಯಲ್ಲಿ, ಬಿಳಿ ಬಟ್ಟೆಯನ್ನು ಹೊಟ್ಟೆಯವರೆಗೆ ಸರಿಸಿ ತೋರಿಸಿದ್ದಾಗ.

"ಹೆದ್ರುಕೋಬೇಡಿ ಯಜಮಾನ್ರೇ, ಮನುಷ್ಯನೇ ನಾನು. ಬೈರೇಶ್ ಅಂತ, ದಾಬಸ್‌ಪೇಟೆ ಕಡೆಯೋನು."

ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಡತಿ ಪಿಳ್ಳಮ್ಮ ತಲೆಯೆತ್ತಿ ನೋಡಿದಳು. ಅವಳು ಹೆದರಲಿಲ್ಲ.

"ಗೊತ್ತಾಯ್ತದೆ ಬಿಡಪ್ಪ. ದೆವ್ವ ಯಾವತ್ತಾದ್ರೂ ನೀರು ಕೇಳ್ಕೊಂಡು ಬಂದಿರೋದುಂಟಾ?" ಎಂದು ಚೊಂಬು ತಂದುಕೊಟ್ಟಳು.

ಎದುರಿಗಿದ್ದ ಅಕ್ರಂ ಸಾಹೇಬರ ರೇಷ್ಮೆ ಕಾರ್ಖಾನೆ ಮುಚ್ಚಿ ಬಹಳ ವರ್ಷವಾಗಿತ್ತು. ಗೂಡು ಬೇಯಿಸುತ್ತಿದ್ದ ತೊಟ್ಟಿಗಳೂ ಮಸಿ ಹಿಡಿದ ಗೋಡೆಗಳೂ ಸಿನಿಮಾದವರಿಗೆ ಹಿಡಿಸಿದ್ದವು. ದೇವನಹಳ್ಳಿ ಬಳಿಯ ಈ ವಿಜಯಪುರದ ಜನ ಎರಡು ದಿನ ಗೇಟಿನ ಮುಂದೆ ಜಾತ್ರೆಯಂತೆ ನೆರೆದು, ಹೀರೋ ವ್ಯಾನಿನಿಂದ ಇಳಿಯುವುದೇ ಇಲ್ಲವೆಂದು ತಿಳಿದ ಮೇಲೆ ಚದುರಿಹೋಗಿದ್ದರು. ಬೈರೇಶ ಹೀರೋ ಅಲ್ಲ, ಅವನಂತೆಯೇ ಬೂದಿ ಬಣ್ಣ, ಹೊಲಿಗೆಯ ಮೇಕಪ್ಪು ಹಾಕಿಸಿಕೊಂಡ ಡೂಪು. ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದವನನ್ನು ಎತ್ತರ ನೋಡಿ ಕರೆತಂದಿದ್ದರು.

"ಯಾವ್ ಕಥೆನಪ್ಪ?" ಎಂದು ಕೇಳಿದಳು ಪಿಳ್ಳಮ್ಮ.

"ಫಾರಿನ್ ಕಥೆ ಕಣವ್ವ, ಹಳೇದು. ಎಷ್ಟೋ ಜನ ಎಷ್ಟೋ ಸಲ ತೆಗ್ದವ್ರಂತೆ. ಈಗ ಇವ್ರು ನಮ್ ಹೈವೇಗೆ ತಂದು ಕೂರ್ಸವ್ರೆ. ಒಬ್ಬ ಡಾಕ್ಟ್ರು. ಆಕ್ಸಿಡೆಂಟಲ್ಲಿ ಸತ್ತೋರ್ ಕೈಕಾಲೆಲ್ಲ ಜೋಡ್ಸಿ, ಹೊಲ್ದು, ಕರೆಂಟ್ ಕೊಟ್ಟು ಎಬ್ಬಿಸ್ತಾನೆ."

"ನಮ್ಮೂರ್ ಕರೆಂಟ್ ನಂಬ್ಕೊಂಡಾ? ಎಬ್ಬಿಸ್ದಂಗೇ ಸೈ!"

ಬೈರೇಶ ನಕ್ಕ. ನಕ್ಕರೆ ಹೊಲಿಗೆ ಎಳೆಯುತ್ತದೆಂದು ಗಲ್ಲ ಹಿಡಿದುಕೊಂಡ.

"ಕೊನೇಗೆ ಏನಾಯ್ತನೆ ಅವ್ನು?"

"ಮೂಲ್ದಲ್ಲಿ ಹಿಮದ ಮ್ಯಾಲೆ ನಡ್ಕೊಂಡು ಹೊಂಟೋಯ್ತನಂತೆ. ನಮ್ಗೆಲ್ಲವ್ವಾ ಹಿಮ? ನಂದಿಬೆಟ್ಟದ ಮಂಜಲ್ಲಿ ಕಳಿಸ್ತಾರಂತೆ."

"ತಾಯಿ?"

"ತಾಯಿ ಇಲ್ಲ ಕಥೇಲಿ. ಒಬ್ಬನ್ ಕೈ, ಒಬ್ಬನ್ ಕಾಲು. ಯಾರನ್ನಂತ ಇಡೋದು?"

ಪಿಳ್ಳಮ್ಮ ಅಕ್ಕಿಯಲ್ಲಿ ಬೆರಳಾಡಿಸುತ್ತ ಹೇಳಿದಳು: "ಎಷ್ಟ್ ಜನದ ಮೈಯೋ ಅಷ್ಟು ಜನ ತಾಯೀರಿರ್ತಾರೆ ಕಣಪ್ಪ."

ಗೋಪಾಲಪ್ಪ ಕುಂಚ ಹುಡುಕುವ ನೆಪದಲ್ಲಿ ಗೋಡೆಯತ್ತ ತಿರುಗಿದ.

ಮಗ ನವೀನ್‌ಕುಮಾರ ಏರ್‌ಪೋರ್ಟಿಗೆ ಕಾರು ಓಡಿಸುತ್ತಿದ್ದ. ಮೂರು ವರ್ಷದ ಹಿಂದೆ ದೇವನಹಳ್ಳಿಯ ಈಚೆ ನಿಂತ ಲಾರಿಗೆ ಗುದ್ದಿ ತೀರಿಹೋದ. ಮನೆಗೆ ಬಂದದ್ದು ತಲೆಯಿಂದ ಕಾಲಿನವರೆಗೆ ಸುತ್ತಿದ ಬಿಳಿ ಬಟ್ಟೆ. ಹೆಂಗಸರು ನೋಡುವುದು ಬೇಡವೆಂದು ಊರ ಹಿರಿಯರು ಅಂದರು, ಗೋಪಾಲಪ್ಪನೂ ತಲೆಯಾಡಿಸಿದ್ದ. ಅಂದಿನಿಂದ ಪಿಳ್ಳಮ್ಮನದು ಒಂದೇ ಮಾತು: ಮುಖ ನೋಡದೆ ಯಾರಿಗೋ ನಾನ್ಯಾಕೆ ಹಾಲು ತುಪ್ಪ ಬಿಡಲಿ? ಸಮಾಧಿಯ ಕಡೆ ಅವಳು ಕಾಲಿಡಲಿಲ್ಲ. ಪ್ರತಿ ಹಬ್ಬಕ್ಕೂ ಅತ್ತೆ ಮಾವನಿಗೆ ಎರಡೇ ಎಲೆ ಹಾಕಿದಳು. ಮಗನ ಎಲೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು. ರಾತ್ರಿ ಬೀದಿಯಲ್ಲಿ ಕಾರು ನಿಂತ ಸದ್ದಾದರೆ ಚಿಲಕ ತೆಗೆಯುತ್ತಿದ್ದಳು. ನೀನು ನೋಡಿದೆಯಲ್ಲ, ಹೇಗಿದ್ದ ಎಂದು ಗಂಡನನ್ನು ಒಂದು ದಿನವೂ ಕೇಳಲಿಲ್ಲ. ಅವನೂ ಹೇಳಲಿಲ್ಲ. ಕಣ್ಣು ಮುಚ್ಚಿದರೆ ಅವನಿಗೆ ಆ ಮುಖವೇ.

ಇದರ ನಡುವೆ ಸಿಕ್ಕಿಕೊಂಡಿದ್ದವಳು ಸೊಸೆ ಭಾನುಪ್ರಿಯಾ. ಏರ್‌ಪೋರ್ಟ್ ಹತ್ತಿರದ ಹೋಟೆಲಿನಲ್ಲಿ ರೂಮು ಶುಚಿ ಮಾಡುವ ಕೆಲಸ. ಹೊಸಕೋಟೆಯಲ್ಲಿರುವ ಅವಳ ಅಕ್ಕ ಶಶಿರೇಖಾ ಒಂದು ಸಂಬಂಧ ನೋಡಿದ್ದಳು. ಗಂಡು ಒಳ್ಳೆಯವನು, ದಸರೆ ಆದ ಮೇಲೆ ಬಂದು ಕರೆದುಕೊಂಡು ಹೋಗುವುದೆಂದು ಮಾತಾಗಿತ್ತು. ಹುಡುಗಿಗೂ ಮನಸ್ಸಿತ್ತು.

"ಹೋಗಮ್ಮ," ಅಂದಿದ್ದ ಗೋಪಾಲಪ್ಪ.

"ಎಂಗೋಗ್ಲಿ ಮಾವ? ಅತ್ತೆ ಇನ್ನೂ ಬಾಗ್ಲು ನೋಡ್ತವ್ರೆ. ಇವತ್ತೂ ನಿಮ್ ಮಗನ್ ಬನೀನು ಒಗ್ದು ಹಾಕವ್ರೆ. ಅವ್ರ ಪಾಲಿಗೆ ನಾನು ಗಂಡ ಇದ್ದಂಗೇ ಇನ್ನೊಬ್ಬನ್ ಜತೆ ಹೋದೋಳಾಗ್ತೀನಿ."

ಆಮೇಲಿನ ದಿನಗಳಲ್ಲಿ ಬೈರೇಶ ಊಟದ ವೇಳೆಗೆ ತಟ್ಟೆ ಹಿಡಿದು ಇವರ ಜಗಲಿಗೇ ಬರತೊಡಗಿದ. ಟೀ ಅಂಗಡಿಯಲ್ಲಿ ಅವನನ್ನು ಕಂಡು ಒಂದು ಮಗು ಚೀರಿ ಜ್ವರ ಬರಿಸಿಕೊಂಡಿತ್ತಂತೆ. ಪಿಳ್ಳಮ್ಮ ಉಪ್ಪಿನಕಾಯಿ ಬಡಿಸಿ ಎದುರಿಗೇ ಕೂರುವಳು. ಅವನು ಉಣ್ಣುವುದನ್ನಲ್ಲ, ಹೊಲಿಗೆಯನ್ನು ನೋಡುವಳು. ಒಳಗಿನಿಂದ ಗೋಪಾಲಪ್ಪ ಅವಳನ್ನು ನೋಡುವನು.

ಅಮಾವಾಸ್ಯೆಯ ಹಿಂದಿನ ದಿನ ಬೈರೇಶ ಕೈತೊಳೆದು ಏಳುತ್ತಿದ್ದಾಗ ಪಿಳ್ಳಮ್ಮ ಅವನ ತೋಳು ಹಿಡಿದಳು.

"ಕೂತ್ಕೊ ಮಗ, ಒಂದ್ ಗಳಿಗೆ. ಏನ್ರೀ, ಬನ್ನಿ ಇಲ್ಲಿ."

ಗೋಪಾಲಪ್ಪ ಹೊರಗೆ ಬಂದ. ಭಾನುಪ್ರಿಯಾ ಬಾಗಿಲಲ್ಲಿ ನಿಂತಳು.

"ತೋರ್ಸಿ," ಎಂದಳು ಪಿಳ್ಳಮ್ಮ. "ಎಲ್ಲೆಲ್ಲಿ ಹೊಲ್ದಿದ್ರು?"

"ಬ್ಯಾಡ ಕಣೆ."

"ಇವ್ನ ಮುಖದ ಮ್ಯಾಲೆ ತೋರ್ಸಿ. ನಾನು ಅಳಲ್ಲ."

ಬೈರೇಶನಿಗೆ ಏನೂ ತಿಳಿಯಲಿಲ್ಲ. ಭಾನುಪ್ರಿಯಾಳ ಮುಖ ನೋಡಿದ. "ನನ್ನ್ ಯಜಮಾನ್ರು ಕಣಣ್ಣ. ಆಕ್ಸಿಡೆಂಟು," ಎಂದಳು ಅವಳು ಮೆಲ್ಲಗೆ. ಬೈರೇಶ ಮೆಟ್ಟಿಲ ಮೇಲೆ ಕೂತು, ಕ್ಷೌರಕ್ಕೆ ಕೂತವನಂತೆ ಮುಖ ಎತ್ತಿಕೊಟ್ಟ.

ಗೋಪಾಲಪ್ಪನ ಬೆರಳಿನಲ್ಲಿ ಸುಣ್ಣ ಅಂಟಿತ್ತು. ಪಂಚೆಗೆ ಒರೆಸಿಕೊಂಡು ಹುಡುಗನ ಕಿವಿಯ ಮೇಲಿಟ್ಟ.

"ಇಲ್ಲಿಂದ... ನೆತ್ತಿ ಮ್ಯಾಲೆ ಹಾದು ಆ ಕಿವಿಗಂಟ. ಇಷ್ಟು ನಾಜೂಕಿರ್ಲಿಲ್ಲ. ಗೋಣಿಚೀಲ ಹೊಲೀತಾರಲ್ಲ, ಅಂಗೆ." ಬೆರಳು ಕೆಳಗಿಳಿಯಿತು. "ಗದ್ದದ ಕೆಳ್ಗಿಂದ ಹೊಟ್ಟೆಗಂಟ ಇನ್ನೊಂದು." ಆಮೇಲೆ ಎಡಗೆನ್ನೆಯ ಮುಂದೆ, ತಾಗಿಯೂ ತಾಗದಂತೆ, ಬೆರಳು ನಿಂತುಬಿಟ್ಟಿತು. "ಈ ಕಡೆ ಮುಖಾನೇ ಇರ್ಲಿಲ್ಲ. ಹತ್ತಿ ತುಂಬಿದ್ರು."

"ಆ ಕಡೆ?"

"ಆ ಕಡೆ ಅವ್ನೇ ಕಣೆ. ಏನೂ ಆಗಿರ್ಲಿಲ್ಲ. ಕಣ್ಣು ಒಸಿ ತೆರ್ದಿತ್ತು. ಹುಬ್ಬಲ್ಲಿ ಆ ಮಚ್ಚೆ. ಅವ್ನೇ. ನಮ್ ನವೀನನೇ."

ಪಿಳ್ಳಮ್ಮ ಮುಂದೆ ಬಾಗಿದಳು. ಬೈರೇಶನ ಎಡಗೆನ್ನೆ, ಎಡಗಣ್ಣು ಕಾಣದಂತೆ ಅಂಗೈ ಇಟ್ಟು ಮುಚ್ಚಿದಳು. ಉಳಿದ ಅರ್ಧ ಮುಖವನ್ನು ನೋಡಿದಳು. ಎದುರಿನ ಕಾರ್ಖಾನೆಯಿಂದ ಯಾರೋ "ಬೈರೇಶಾ, ಶಾಟ್ ರೆಡಿ, ಎಲ್ಲೋದ್ಯೋ ಗುರು!" ಎಂದು ಕೂಗಿದರು. ಅವನು ಅಲುಗಲಿಲ್ಲ. ಅವಳ ಅಂಗೈ ಮುಚ್ಚದ ಕಣ್ಣಿನಿಂದ ನೀರಿಳಿದು ಬೂದಿ ಬಣ್ಣದಲ್ಲಿ ಗೀರು ಮೂಡಿತು. ಪಿಳ್ಳಮ್ಮ ಅದನ್ನು ಸೆರಗಿನಿಂದ ಒರೆಸಿದಳು.

"ಹೋಗ್ಬಾ ಮಗ. ನಿಂಗೆ ಬಯ್ತಾರೆ."

ಮಾರನೆಯ ದಿನ ನಡುಮನೆಯಲ್ಲಿ ಮೂರು ಎಲೆ ಬಿದ್ದವು. ಮೂರನೆಯದಕ್ಕೆ ಬೋಟಿ ಗೊಜ್ಜು, ಬೇಯಿಸಿದ ಮೊಟ್ಟೆ, ಹೊಸ ನೀಲಿ ಅಂಗಿ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲೆಳೆದುಕೊಂಡು ಮೂವರೂ ಹೊರಗೆ ನಿಂತರು. ಹೊಗೆ ಬಾಗಿಲ ಸಂದಿಯಿಂದ ಬರುತ್ತಿತ್ತು. ವಾಡಿಕೆಯಷ್ಟು ಹೊತ್ತು ಕಾದು ಗೋಪಾಲಪ್ಪ ಚಿಲಕಕ್ಕೆ ಕೈ ಹಾಕಿದ. ಪಿಳ್ಳಮ್ಮ ತಡೆದಳು.

"ಇರಿ. ಅವ್ನು ನಿಧಾನಕ್ಕೆ ಉಣ್ಣೋನು."

ಸೊಸೆ ಅತ್ತೆಯ ಭುಜಕ್ಕೆ ಹಣೆಯಿಟ್ಟಳು. ಅಕ್ಕಪಕ್ಕದ ಮನೆಗಳ ಬಾಗಿಲುಗಳೆಲ್ಲ ತೆರೆದು, ಜನ ಉಂಡು, ಎಲೆ ಎತ್ತಿದರೂ ಮೂವರು ಹಾಗೇ ನಿಂತಿದ್ದರು.

ಸಿನಿಮಾದವರು ಆ ಶನಿವಾರ ನಂದಿಬೆಟ್ಟದ ಕಡೆ ಹೋದರು. ಭಾನುಪ್ರಿಯಾ ಹೊರಟದ್ದು ವಿಜಯದಶಮಿ ಕಳೆದ ಭಾನುವಾರ, ಕರೆದೊಯ್ಯಲು ಬಂದ ಅಕ್ಕನ ಜತೆ, ಬೆಳಗಿನ ಹೊಸಕೋಟೆ ಬಸ್ಸಿಗೆ. ಯಾರು ಎಷ್ಟು ಹೇಳಿದರೂ ಕೇಳದೆ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಗನ್ನು ಪಿಳ್ಳಮ್ಮನೇ ಹೊತ್ತಳು; ಬಸ್ಸು ತಿರುವು ದಾಟಿ ಮರೆಯಾದ ಮೇಲೂ ಅವಳ ಬೆರಳುಗಳು ಬ್ಯಾಗಿನ ಪಟ್ಟಿ ಹಿಡಿದ ಹಾಗೇ ಮಡಿಚಿಕೊಂಡಿದ್ದವು.