ಗೂಬೆ ನಾಣ್ಯದ ಲೆಕ್ಕ

ಕನ್ನಡಕದ ಅಂಗಡಿಯ ಸೊಸೆಗೆ ಚೀಟಿ ಅಂಟಿಸುವ ಹುಚ್ಚು. ಗಾಜಿನ ಲಕೋಟೆಗೆ ಚೀಟಿ, ಫ್ರೇಮಿನ ಪೆಟ್ಟಿಗೆಗೆ ಚೀಟಿ, ಮನೆಯ ಉಪ್ಪು ಸಕ್ಕರೆ ಡಬ್ಬಗಳಿಗೂ ಚೀಟಿ. ‘ಸದ್ಯ, ನನ್ನ ಹಣೆಗೊಂದು ಅಂಟಿಸಿಲ್ಲ’ ಎಂದು ಗಂಡ ನಗುತ್ತಿದ್ದ. ಒಬ್ಬರ ಕಣ್ಣಿನ ಗಾಜು ಇನ್ನೊಬ್ಬರ ಮೂಗಿನ ಮೇಲೆ ಕೂತರೆ ಆಗುವ ಫಜೀತಿ ಅವಳಿಗೆ ಗೊತ್ತು. ನಗುವವರು ನಗಲಿ ಬಿಡಿ.

ಅಂಥವಳನ್ನು ಆ ಭಾನುವಾರ ಕಳ್ಳಿ ಎಂದು ನಡುಮನೆಯಲ್ಲಿ ಕೂರಿಸಿದ್ದರು.

ನಡೆದದ್ದು ಇಷ್ಟು. ಅತ್ತೆ ತಮ್ಮ ಬಳೆ ಮಾರಿ ಆ ದುಡ್ಡಿನಲ್ಲಿ ಕ್ರಿಪ್ಟೊ ನಾಣ್ಯ ಕೊಂಡಿದ್ದರು. ಅವರಿಗೆ ಫೋನು ಮುಟ್ಟಲು ಭಯ, ಹಾಗಾಗಿ ನಾಣ್ಯ ಕೊಳ್ಳುವ ಮಾರುವ ಎಕ್ಸ್‌ಚೇಂಜಿನ ಖಾತೆ ಸೊಸೆಯ ಹೆಸರಿನಲ್ಲಿತ್ತು. ‘ಅಂಗಡಿ ಗಲಾಟೆಲಿ ನಿಮಗೆಲ್ಲಿ ಪುರಸೊತ್ತು ಅತ್ತಿಗೆ, ಕೊಳ್ಳೋದು ಮಾರೋದು ನಾನು ನೋಡ್ಕೋತೀನಿ’ ಎಂದು ಮೈದುನ ಅವಳಿಂದ ಪಾಸ್‌ವರ್ಡಿನಂಥ ಒಂದು ಕೀ ಪಡೆದಿದ್ದ. ದುಡ್ಡು ಹೊರಗೆ ತೆಗೆಯಲಾಗದ, ಖಾತೆಯ ಒಳಗೇ ಅದಲುಬದಲು ಮಾಡಬಹುದಾದ ಕೀ. ಒಂದು ದಿನ ಅಂಗಡಿಗೆ ಬಂದು, ಇದ್ದಬದ್ದದ್ದನ್ನೆಲ್ಲ ಗೂಬೆ ನಾಣ್ಯಕ್ಕೆ ಬದಲಾಯಿಸಿದೆ ಎಂದ. ಕನ್ನಡಕ ಹಾಕಿಕೊಂಡ ಗೂಬೆಯ ಗುರುತಿನ ಹೊಸ ನಾಣ್ಯ. ‘ನಮ್ಮಂಗಡಿಗೆ ಹೇಳಿ ಮಾಡಿಸಿದ ಹಾಗಿದೆ’ ಎಂದು ಹಲ್ಲು ಕಿರಿದ. ಗೂಬೆ ಮುಳುಗಿತು. ಎಕ್ಸ್‌ಚೇಂಜು ಅದನ್ನು ಪಟ್ಟಿಯಿಂದಲೇ ಕಿತ್ತುಹಾಕಿತು. ಅಮ್ಮನಿಗೆ ಮಾತ್ರ ಹೇಳಬೇಡಿ ಎಂದು ಮೈದುನ ಕಣ್ಣೀರು ಹಾಕಿದ. ಪಾಪ ಎನಿಸಿ ಅವಳು ಹೇಳಲಿಲ್ಲ.

ಈಗ ಅತ್ತೆ ಬಳೆಯ ದುಡ್ಡು ಕೇಳಿದರೆ ಅದೇ ಮೈದುನ ಕೈ ತೊಳೆದುಕೊಂಡ. ‘ನನಗೇನು ಗೊತ್ತಮ್ಮ, ಖಾತೆ ಅತ್ತಿಗೆದು’ ಎಂದ. ಎಕ್ಸ್‌ಚೇಂಜಿನ ವರದಿಯಲ್ಲಿ ಹಿಂದೆ ಕೊಂಡದ್ದಿತ್ತು, ಈಗ ಉಳಿದದ್ದು ಸೊನ್ನೆ ಎಂದಿತ್ತು, ನಡುವೆ ಏನಾಯಿತೆಂಬುದೇ ಇರಲಿಲ್ಲ. ಅವಳು ಬರೆದು ಕೇಳಿದ್ದಕ್ಕೆ ‘ಇರುವುದು ಇಷ್ಟೇ’ ಎಂದು ಉತ್ತರ ಬಂತು. ಅಂಗಡಿ ಇರುವುದು ಅತ್ತೆಯ ಹೆಸರಿನಲ್ಲಿ. ಅವರು ಅದರ ಕೀಲಿಗೊಂಚಲನ್ನು ಸೊಸೆಯಿಂದ ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡಿದ್ದರು. ಊಟವಾದ ಮೇಲೆ ಅದು ಮೈದುನನ ಕೈಗೆ.

‘ತಪ್ಪಾಯ್ತು ಅಂದ್ಬಿಡೆ’ ಎಂದು ಗಂಡ ಪಿಸುಗುಟ್ಟಿದ. ‘ಒಂದೇ ಮಾತು. ಅಮ್ಮ ಕರಗ್ತಾಳೆ, ಎಲ್ಲ ಮುಗಿದುಹೋಗುತ್ತೆ.’

‘ಮಾಡದ ತಪ್ಪಿಗೆ ಒಂದ್ಸಲ ತಲೆ ಬಗ್ಗಿಸಿದ್ರೆ ಕುತ್ತಿಗೆಗೆ ಅದೇ ರೂಢಿ ಆಗುತ್ತೆ ಕಣ್ರೀ. ನಾನು ಅನ್ನಲ್ಲ.’

ಅವಳು ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಎಕ್ಸ್‌ಚೇಂಜಿನಿಂದ ಹಳೆಯ ವಹಿವಾಟನ್ನೆಲ್ಲ ಎಳೆದು ತರುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡಿದ್ದಳು. ಅದಕ್ಕೆಂದೇ, ನೋಡಲು ಮಾತ್ರ ಬರುವ ಹೊಸ ಕೀ ಮಾಡಿದ್ದಳು.

‘ಇಷ್ಟೆಲ್ಲ ಯಾಕತ್ತಿಗೆ, ಪಾಸ್‌ವರ್ಡ್ ಕೊಡಿ, ನಾನೇ ನೋಡಿ ಹೇಳ್ತೀನಿ’ ಎಂದ ಮೈದುನ.

‘ಕುರಿ ಕಾಯೋಕೆ ತೋಳನ್ನ ಬಿಟ್ಟಿದ್ದು ಒಂದ್ಸಲ ಸಾಕಪ್ಪ.’

ಸಾಲುಗಳು ಸರಸರ ಇಳಿದು ಬಂದವು, ನಿಂತವು. ನೋಡಿದರೆ ಇಲ್ಲೂ ನಡುವಿನ ಭಾಗ ಖಾಲಿ. ಮೈದುನ ಕುರ್ಚಿಗೆ ಒರಗಿ ಕಾಲು ಚಾಚಿದ. ಆದರೂ ಅವಳು ಕೊನೆಯ ಸಾಲಿನವರೆಗೆ ಓದಿದಳು. ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಸದ್ಯ ಮಾರುಕಟ್ಟೆಯಲ್ಲಿರುವ ನಾಣ್ಯಗಳನ್ನು ಮಾತ್ರ ಹುಡುಕಲಾಗಿದೆ, ಕೈಬಿಟ್ಟ ನಾಣ್ಯವಾದರೆ ಅದರ ಮೂರು-ನಾಲ್ಕು ಅಕ್ಷರದ ಕಿರುಹೆಸರು ಬರೆಯಿರಿ.

ಆ ಕಿರುಹೆಸರೇ ಅವಳಿಗೆ ನೆನಪಿರಲಿಲ್ಲ.

‘ಆ ಗೂಬೆ ನಾಣ್ಯದ ಅಕ್ಷರ ಏನೋ?’

‘ಯಾವ ಗೂಬೆ? ಗೂಬೆನೂ ಗೊತ್ತಿಲ್ಲ, ಗಿಳಿನೂ ಗೊತ್ತಿಲ್ಲ. ಎಲ್ಲ ನೀವು ಮಾಡಿ ನನ್ನ ತಲೆ ಮೇಲೆ ಗೂಬೆ ಕೂರಿಸಬೇಡಿ.’

‘ಸಾಕು ಮಾಡೇ, ಹೊಟ್ಟೆ ಹಸೀತಿದೆ’ ಎಂದರು ಅತ್ತೆ.

ಜಗಳ ಕಂಡರೆ ಅಡುಗೆಮನೆ ಸೇರುವ ಗಂಡ ಎದ್ದು ಹೋಗಿ ತಟ್ಟೆ ತಂದ, ಚಮಚ ನಿಲ್ಲಿಸಿದ ಮಗ್ಗನ್ನೂ ತಂದು ಅವಳ ಮುಂದೆಯೇ ಕುಕ್ಕಿದ. ಆಫೀಸಿನಲ್ಲಿ ಕೊಟ್ಟರೆಂದು ಮೈದುನ ಹಿಂದೊಮ್ಮೆ ತಂದಿದ್ದ ಮಗ್ಗು. ದಿನಾ ಕಣ್ಣೆದುರು ಇರುವುದನ್ನು ಯಾರು ನೋಡುತ್ತಾರೆ? ಅವಳು ಈಗ ನೋಡಿದಳು. ಚಮಚಗಳನ್ನು ಮೇಜಿನ ಮೇಲೆ ಸುರಿದು ಮಗ್ಗನ್ನು ತಿರುಗಿಸಿದಳು. ತಿಕ್ಕಿ ತಿಕ್ಕಿ ಬಣ್ಣ ಹೋಗಿದ್ದರೂ ಕನ್ನಡಕದ ಗೂಬೆ ಅಲ್ಲೇ ಕೂತಿತ್ತು. ಅದರ ಕಾಲಡಿ ನಾಲ್ಕು ಅಕ್ಷರ. ಮೈದುನ ಚಾಚಿದ್ದ ಕಾಲು ಒಳಗೆಳೆದುಕೊಂಡ.

ಆ ನಾಲ್ಕು ಅಕ್ಷರ ಬರೆದಳು. ಸತ್ತ ನಾಣ್ಯದ ವಹಿವಾಟು ಒಂದೊಂದೇ ಸಾಲಾಗಿ ಎದ್ದು ಬಂತು. ಪ್ರತಿ ಸಾಲಿನ ಕೊನೆಗೆ, ಅದನ್ನು ಯಾವ ಕೀಯಿಂದ ಮಾಡಿದ್ದು ಎಂಬ ಹೆಸರಿತ್ತು. ಇಂಥದ್ದೊಂದು ಮಾಡಿದ್ದು ಅವಳಿಗೇ ಮರೆತುಹೋಗಿತ್ತು.

‘ನಾನು ಓದಿದ್ರೆ ನೀವು ನಂಬಲ್ಲ ಅತ್ತೆ. ನೀವೇ ಓದಿ.’

ಅತ್ತೆ ಕನ್ನಡಕ ಏರಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು ಓದಿದರು. ‘ಮೈದುನ... ಮೈದುನ... ಇದೇನೇ, ಎಲ್ಲ ಸಾಲಲ್ಲೂ ಮೈದುನ ಅಂತಿದೆ?’

‘ಅವನಿಗೆ ಕೀ ಕೊಡೋವಾಗ ಅದಕ್ಕೂ ಹೆಸರಿನ ಚೀಟಿ ಅಂಟಿಸಿದ್ದೆ. ನನ್ನ ಹುಚ್ಚು ನೋಡಿ.’

ಮೈದುನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ‘ಅತ್ತಿಗೆ, ನಾವು ನಾವೇ ಕೂತು ಮಾತಾಡ್ಕೋಬಹುದಿತ್ತು’ ಎಂದ.

‘ಮಾತಾಡಿದ್ವಲ್ಲ. ನೀನು ಕಣ್ಣೀರು ಹಾಕಿದೆ, ನಾನು ಬಾಯಿ ಮುಚ್ಕೊಂಡೆ. ಅದಕ್ಕೆ ನೀನು ಕೊಟ್ಟ ಉಡುಗೊರೆ ಇದು.’

ಅತ್ತೆ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು ಸೊಸೆಯ ಕಡೆಗೆ ಸರಿಸಿದರು. ‘ತಗೊಳ್ಳೆ’ ಎಂದು ಗಂಡ ಮೊಣಕೈಯಲ್ಲಿ ತಿವಿದ. ಅವಳು ಕೈ ಕಟ್ಟಿಕೊಂಡು ನಿಂತಳು.

‘ಒಂದು ಮಾತು ಬಾಕಿ ಇದೆ. ಬೆಳಗ್ಗೆಯಿಂದ ನನ್ನ ಬಾಯಲ್ಲಿ ಹೇಳಿಸೋಕೆ ನೋಡಿದ್ರಲ್ಲ, ಅದೇ ಮಾತು.’

ಮೈದುನ ನೆಲ ನೋಡುತ್ತ ಏನೋ ಗೊಣಗಿದ.

‘ಕೇಳಿಸಲಿಲ್ಲ.’

‘ತಪ್ಪಾಯ್ತು ಅತ್ತಿಗೆ.’

ಆಗಲೂ ಅವಳು ಕೀಲಿ ಮುಟ್ಟಲಿಲ್ಲ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಒರೆಸಿದರು. ‘ಬಳೆ ಹೋಯ್ತು, ಹೋಗ್ಲಿ’ ಎಂದರು. ‘ನಿನ್ನ ಕಳ್ಳಿ ಅಂದೆನಲ್ಲ. ನಂದೂ ತಪ್ಪಾಯ್ತು ಕಣೇ.’

ಅಲ್ಲಿಯವರೆಗೆ ತಡೆದುಕೊಂಡಿದ್ದವಳ ಕಣ್ಣು ಆಗ ತುಂಬಿತು. ಅವಳು ಒಂದು ಚೀಟಿ ಹರಿದು, ‘ನನ್ನದು’ ಎಂದು ದಪ್ಪಗೆ ಬರೆದಳು. ಗಂಡ ಓಡಿ ಹೋಗಿ ಗೋಂದು ತಂದುಕೊಟ್ಟ. ಎಲ್ಲರೂ ನೋಡುತ್ತಿದ್ದ ಹಾಗೆಯೇ ಅದನ್ನು ಅಂಗಡಿಯ ಕೀಲಿಗೆ ಅಂಟಿಸಿ, ಒಣಗುವವರೆಗೂ ಒತ್ತಿ ಹಿಡಿದಳು.